ನರಕ್ಕೆ ಬೇಕಾದದ್ದು ಒಂದಿಷ್ಟು ಜಾಗ

2015ರ ಜನವರಿಯಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ದೇಶದ ಮೊದಲ ಕೈ ಕಸಿ ನಡೆಯಿತು. ಎರಡೂ ಕೈ ಕಳೆದುಕೊಂಡಿದ್ದ ಯುವಕನಿಗೆ ಡಾ. ಸುಬ್ರಹ್ಮಣ್ಯ ಅಯ್ಯರ್ ಅವರ ತಂಡ ದಾನಿಯ ಕೈಗಳನ್ನು ಜೋಡಿಸಿತು. ಹೀಗೆ ಜೋಡಿಸಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಬೆಳೆದು ಬೆರಳ ತುದಿ ಮುಟ್ಟಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಇರುವ ನರವನ್ನೇ ಉಳಿಸಿಕೊಡುವ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ಬೆಲೆ ಇದರಿಂದ ಅರಿವಾಗುತ್ತದೆ.

ಆ ಶಸ್ತ್ರಚಿಕಿತ್ಸೆ ಮಣಿಕಟ್ಟಿನದು. ಅಲ್ಲೊಂದು ಕಿರಿದಾದ ಕಿಂಡಿಯಿದೆ, ಹೆಸರು ಕಾರ್ಪಲ್ ಟನಲ್. ಬೆರಳು ಮಡಿಸುವ 9 ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಅದರಲ್ಲೇ ಹಾಯಬೇಕು. ಒಳಗೆ ಬಾವು ಬಂದರೆ ಮೊದಲು ನಲುಗುವುದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗದು. ನಡುರಾತ್ರಿ ಎಚ್ಚರವಾಗುತ್ತದೆ, ಕೈ ಕೊಡವಿದರೆ ಹಾಯೆನಿಸುತ್ತದೆ. ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಗರ್ಭಾವಸ್ಥೆ, ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ ಇದಕ್ಕೆ ದಾರಿಯಾಗಬಹುದು. ಒಂದೇ ಸಮನೆ ಬಲ ಹಾಕಿ ದುಡಿಯುವ ಕೈಗೂ ಅಪಾಯ ಜಾಸ್ತಿ. ಕಾಸರಗೋಡಿನಲ್ಲಿ ಬೀಡಿ ಕಟ್ಟುವ, ಅಡಕೆ ಸುಲಿಯುವ ನಮ್ಮ ಅಕ್ಕತಂಗಿಯರು ಇದನ್ನು ವಾಯುವೆಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು.

ಕುತ್ತಿಗೆಯಲ್ಲಿ ನರ ಒತ್ತಿಕೊಂಡರೂ, ಕುಷ್ಠರೋಗದಿಂದ ನರ ಊದಿದರೂ ಬೆರಳು ಮರಗಟ್ಟಬಹುದು. ಆದ್ದರಿಂದ ಮೊದಲು ತಪಾಸಣೆ, ಬೇಕಾದರೆ ನರ್ವ್ ಕಂಡಕ್ಷನ್ ಪರೀಕ್ಷೆ. ಜಟಿಲ ನರರೋಗಗಳಿಗೆ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಿದೆ. 1980ರ ಕಾಯ್ದೆಯಿಂದ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಆದರೆ ಈ ಒಂದು ತೊಂದರೆಗಾಗಿ ಕಾಸರಗೋಡಿನವರು ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಅಲ್ಲಿವರೆಗೆ ಹೋಗಬೇಕೆಂದಿಲ್ಲ. ಹತ್ತಿರದ ಮಂಗಳೂರಿನಲ್ಲೂ ಚಿಕಿತ್ಸೆ ಸಿಗುತ್ತದೆ.

ಆರಂಭದಲ್ಲಿ ರಾತ್ರಿ ಮಣಿಕಟ್ಟನ್ನು ನೆಟ್ಟಗಿಡುವ ಸ್ಪ್ಲಿಂಟ್ ಅಥವಾ ಸ್ಟೀರಾಯ್ಡ್ ಚುಚ್ಚುಮದ್ದು ಸಾಕಾಗಬಹುದು. ಗರ್ಭಿಣಿಯರಿಗೆ ಹೆರಿಗೆಯ ನಂತರ ತಾನಾಗಿ ಇಳಿಯುವುದೂ ಉಂಟು. ಇಳಿಯದಿದ್ದರೆ ಶಸ್ತ್ರಚಿಕಿತ್ಸೆ. ಅಂಗೈ ಬುಡಕ್ಕೆ ಮರಗಟ್ಟಿಸುವ ಮದ್ದು ಚುಚ್ಚಿ, ಚರ್ಮವನ್ನು ಸ್ವಲ್ಪ ಸೀಳಿ, ನರವನ್ನು ಅದುಮಿದ ಅಸ್ಥಿರಜ್ಜುವನ್ನು ಕತ್ತರಿಸಿ ಬಿಡಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ.

ಈ ಅಸ್ಥಿರಜ್ಜುವನ್ನು ಬೇಗ ಕತ್ತರಿಸಿದರೆ ಸ್ನಾಯು ಸೊರಗುವುದನ್ನು ತಡೆಯಬಹುದೆಂದು ಫ್ರಾನ್ಸಿನ ವೈದ್ಯರಾದ ಮಾರೀ ಮತ್ತು ಫುವಾ 1913ರಲ್ಲೇ ಸೂಚಿಸಿದ್ದರು. ಹೆಬ್ಬೆರಳ ಬುಡದ ಉಬ್ಬು ಇಂಗಿ, ಗುಂಡಿ ಹಾಕಲೂ ಆಗದಷ್ಟು ಕೈ ಸೋತ ಮೇಲೆ ಬಂದರೆ ನೋವು ಹೋದೀತು, ಕಳೆದ ಬಲ ಪೂರ್ತಿ ಮರಳುವ ಖಾತರಿಯಿಲ್ಲ. ರಾತ್ರಿ ಕೈ ಕೊಡವುವುದು ರೂಢಿಯಾಗುವ ಮೊದಲೇ ವೈದ್ಯರನ್ನು ಕಾಣಿ.