ಬಣ್ಣ ನೋಡಿ ಮೀನು ತಂದರೆ ತೊಟ್ಟಿಯೇ ರಣರಂಗ!

ಕ್ಯಾತನಹಳ್ಳಿ: ಸಮುದ್ರ ನೋಡಬೇಕಾದರೆ ಈ ಊರಿನವರು ಘಟ್ಟ ಇಳಿದು ಇನ್ನೂರು ಕಿ.ಮೀ.ಗೂ ಮೀರಿ ಹೋಗಬೇಕು. ಇಲ್ಲಿರುವುದು ಕಾವೇರಿ ನೀರು, ಕಬ್ಬು, ಭತ್ತ. ಅಂಥ ಊರಿನ ಒಂದು ಮನೆಯೊಳಗೆ ಈಗ ಎರಡಡಿ ಉದ್ದದ ಸಮುದ್ರ ಬಂದು ಕೂತಿದೆ. ಆ ಮನೆ ಬೇರೆ ಯಾರದ್ದೂ ಅಲ್ಲ, ಈ ವರದಿಗಾರನದ್ದೇ!

ಎಲ್ಲಾ ಮಗಳ ಹಟ. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಸಿನಿಮಾವನ್ನು ಮೊಬೈಲಿನಲ್ಲಿ ನೋಡಿದ್ದಾಳೆ. ಕಿತ್ತಳೆ ಮೈಗೆ ಬಿಳಿ ಪಟ್ಟೆ ಹೊಡೆದ ಆ ಮೀನೇ ಬೇಕಂತೆ. “ಅಲ್ಲ ಕಣ್ಲಾ, ಮೀನಿಗೆ ಉಪ್ಪು ಹಾಕೋದು ಒಣಗಾಕೋಕೆ ಅಂತ ಕೇಳಿದ್ದೆ. ಸಾಕೋಕೂ ಉಪ್ಪು ಹಾಕ್ತಾರಾ?” ಎಂದು ನಮ್ಮವ್ವ ನಕ್ಕಳು. ನಾನು ಕೇಳಲಿಲ್ಲ. ಬೆಂಗಳೂರಿನ ಒಂದು ಅಂಗಡಿಗೆ ಹೋಗಿ ನೀಮೋ ಜಾತಿಯ ಎರಡು ಕ್ಲೌನ್ ಮೀನು ತಂದೆ. ಜೊತೆಗೆ ಕಪ್ಪು ಮೈಗೆ ಮೂರು ಬಿಳಿ ಬೊಟ್ಟಿಟ್ಟ ಒಂದು ಪುಟಾಣಿ. “ಗಟ್ಟಿ ಮೀನು ಸಾರ್, ಏನೂ ಆಗಲ್ಲ” ಅಂದ ಅಂಗಡಿಯವನು. ನಿಜ, ಅದಕ್ಕೆ ಏನೂ ಆಗಲಿಲ್ಲ. ವಾರದೊಳಗೆ ಒಂದು ಕ್ಲೌನಿನ ಬಾಲ ಚಿಂದಿ. ಹತ್ತನೇ ದಿನಕ್ಕೆ ಎರಡೂ ಹೋದವು. ಮಗಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆ ಕಪ್ಪು ಪುಟಾಣಿಯ ಹೆಸರು ಡಾಮಿನೊ ಡ್ಯಾಮ್ಸೆಲ್. ಚಿಕ್ಕದಿರುವಾಗ ಮುದ್ದು. ಬೆಳೆದರೆ ಅರ್ಧ ಗೇಣು ದಾಟುತ್ತದೆ, ಇಡೀ ತೊಟ್ಟಿ ತನ್ನ ಪಿತ್ರಾರ್ಜಿತ ಎನ್ನುತ್ತದೆ. ಡ್ಯಾಮ್ಸೆಲ್ ಜಾತಿಯಲ್ಲಿ ಬಹುಪಾಲು ಹೀಗೇ. ಬೆಲೆ ಕಡಿಮೆ, ಗುಣ ರೌಡಿ. ಸಮುದ್ರದಲ್ಲಿ ಏಟು ತಿಂದ ಮೀನು ಓಡಿಹೋಗಬಹುದು. ಎರಡಡಿ ಗಾಜಿನೊಳಗೆ ಎಲ್ಲಿಗೆ ಓಡೀತು?

ಬೇಬಿಬೆಟ್ಟದ ದನಗಳ ಜಾತ್ರೆಯಲ್ಲಿ ಹಲ್ಲು ನೋಡದೆ, ಸುಳಿ ನೋಡದೆ, ನಾಲ್ಕು ಹೆಜ್ಜೆ ನಡೆಸದೆ ನಾವು ಎತ್ತಿಗೆ ಕೈ ಹಾಕುವವರಲ್ಲ. ಮೀನಿನಂಗಡಿಯಲ್ಲಿ ಮಾತ್ರ ಬರೀ ಬಣ್ಣಕ್ಕೆ ದುಡ್ಡು ಎಣಿಸುತ್ತೇವೆ. ಬೆಳೆದರೆ ಎಷ್ಟುದ್ದ, ಜೊತೆಯವರ ಮೇಲೆ ಬೀಳುತ್ತದಾ, ಏನು ತಿನ್ನುತ್ತದೆ? ಈ ಮೂರನ್ನು ಕೇಳಿದ್ದರೆ ನನ್ನ ಎರಡು ಮೀನು ಉಳಿಯುತ್ತಿದ್ದವು.

ಅದೇ ಸಿನಿಮಾದ ನೀಲಿ ಮೀನು ಡೋರಿಯನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಎರಡು ಇಂಚು, ಬೆಳೆದರೆ ಒಂದಡಿ. ಕರು ಅಂತ ತಂದು ನಡುಮನೆಯಲ್ಲಿ ಎತ್ತು ಕಟ್ಟಿದ ಹಾಗೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಹವಳದ ಮಧ್ಯೆ ಚಿಟ್ಟೆಮೀನುಗಳು ಸುಳಿದಾಡುವುದು ಬಲು ಚಂದ. ಆದರೆ ಆ ಜಾತಿಯ ಹಲವು ಮೀನುಗಳಿಗೆ ಹವಳದ ಹುಳುವೇ ಊಟ, ಪೊಟ್ಟಣದ ಆಹಾರ ಮುಟ್ಟದೆ ಸೊರಗಿ ಸಾಯುತ್ತವೆ. ರೇಷ್ಮೆ ಸೀರೆ ಬಣ್ಣದ ಮ್ಯಾಂಡರಿನ್ ಮೀನಿಗೂ ಕಣ್ಣಿಗೆ ಕಾಣದಂಥ ಜೀವಂತ ಹುಳುಗಳೇ ದಿನವಿಡೀ ಬೇಕು. ಇನ್ನು ಕಡಲ್ಗುದುರೆ, ಹವಳ? 2001ರಲ್ಲಿ ಇವನ್ನು ವನ್ಯಜೀವಿ ಕಾಯ್ದೆಯ ರಕ್ಷಣೆಗೆ ತಂದಾಗಿದೆ. ನಮ್ಮ ಸಮುದ್ರದಿಂದ ಕಿತ್ತು ತಂದು ಮಾರಿದರೆ ಅಪರಾಧ.

ಗೋಬಿ ಅಂದರೆ ಮಂಚೂರಿ ಅಲ್ಲ!

ಹಾಗಾದರೆ ಸಣ್ಣ ತೊಟ್ಟಿಗೆ ಯಾವುದು? ಕ್ಲೌನ್ ಮೀನಿನದೇ ಒಂದು ಜೋಡಿ ಸಾಕು. ಬೆಳೆದರೂ ಮೂರ್ನಾಲ್ಕು ಇಂಚು, ಕಾಳಿನಂಥ ಒಣ ಆಹಾರ ತಿನ್ನುತ್ತದೆ, ಜಾಗ ಬಿಟ್ಟು ಹೆಚ್ಚು ತಿರುಗುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹೂವಿನಂಥ ಕಡಲ ಎನಿಮೋನ್ ಇಲ್ಲದೆಯೂ ಚೆನ್ನಾಗಿಯೇ ಇರುತ್ತದೆ. ಇದರ ಸಂಸಾರ ವಿಚಿತ್ರ. ಹುಟ್ಟುವಾಗ ಎಲ್ಲಾ ಗಂಡು, ಜೋಡಿಯಲ್ಲಿ ದೊಡ್ಡದಾಗಿದ್ದು ಹೆಣ್ಣಾಗುತ್ತದೆ. ಅದಕ್ಕೇ ಒಂದು ಚಿಕ್ಕದು, ಒಂದು ತುಸು ದೊಡ್ಡದು ಆರಿಸಬೇಕು. ಬಲಿತ ಎರಡು ಹೆಣ್ಣು ತಂದರೆ ಮತ್ತೆ ಕದನ.

ಜೊತೆಗೆ ಬೇಕಾದರೆ ಒಂದು ಪುಟ್ಟ ಗೋಬಿ. ಇದು ಬಸ್‌ಸ್ಟ್ಯಾಂಡಿನ ತಳ್ಳುಗಾಡಿಯ ಗೋಬಿ ಅಲ್ಲ ಸ್ವಾಮಿ, ಮರಳಿನ ಹತ್ತಿರ ತನ್ನ ಪಾಡಿಗಿರುವ ಮೀನು. ಫೈರ್‌ಫಿಶ್ ಎಂಬ ಬಿಳಿ-ಕೆಂಪು ಮೀನೂ ಸಾಧು, ಆದರೆ ಗಾಬರಿಯಾದರೆ ತೊಟ್ಟಿಯಿಂದಾಚೆ ನೆಗೆಯುತ್ತದೆ. ಮುಚ್ಚಳ ಬೇಕು. ಎರಡಡಿ ತೊಟ್ಟಿಗೆ ಒಟ್ಟು ಮೂರು ಮೀನು. ನಾಲ್ಕನೆಯದು ದುರಾಸೆ. ಬಿಡುವಾಗಲೂ ಅಂಜುಬುರುಕನನ್ನು ಮೊದಲು, ಜೋರಿನವನನ್ನು ಕೊನೆಗೆ ಬಿಡಬೇಕು.

ಅಂಗಡಿಯಲ್ಲಿ ಇನ್ನೊಂದು ಮಾತು ಕೇಳಿ: “ಹಿಡಿದಿದ್ದೋ, ಮರಿ ಮಾಡಿಸಿದ್ದೋ?” ಫಿಲಿಪೈನ್ಸ್, ಇಂಡೋನೇಷ್ಯಾ ಕಡೆ ಸಯನೈಡ್ ಎರಚಿ ಮೀನಿಗೆ ಮಂಕು ಹಿಡಿಸಿ ಹಿಡಿಯುವವರಿದ್ದಾರೆ. ಅಂಥದ್ದು ಅಂಗಡಿಯಲ್ಲಿ ಲಕಲಕ ಅಂದು ಮನೆಗೆ ಬಂದು ಸಾಯಬಹುದು. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆ ನಮ್ಮ ದೇಶದಲ್ಲೇ ಇದೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತಮಿಳುನಾಡಿನ ಮಂಡಪಂ, ಕೇರಳದ ವಿಳಿಂಜಂಗಳಲ್ಲಿ ಅದನ್ನು ಸಾಧಿಸಿದ್ದಾರೆ. ದುಡ್ಡು ಕೊಡುವ ಮುಂಚೆ “ಎಲ್ಲಿ, ನನ್ನೆದುರಿಗೆ ತಿನ್ನಿಸು” ಅನ್ನಿ. ತಿನ್ನದ ಮೀನಿಗೆ ಕೈ ಹಾಕಬೇಡಿ.

ಎರಡನೇ ಸಲ ಮೀನಿಗೆ ಮುಂಚೆ ನೀರು ಹದ ಮಾಡಿದೆ. ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದಲ್ಲಿರುವ ಮೆಗ್ನೀಷಿಯಂ, ಕ್ಯಾಲ್ಸಿಯಂ ಎಲ್ಲಾ ಸೇರಿಸಿದ ಉಪ್ಪೇ ಬೇರೆ ಸಿಗುತ್ತದೆ. ಲೀಟರಿಗೆ 35 ಗ್ರಾಂ ಲೆಕ್ಕ, ನನ್ನ 50 ಲೀಟರಿಗೆ ಒಂದೂಮುಕ್ಕಾಲು ಕೆ.ಜಿ. ಬೋರ್‌ವೆಲ್ ನೀರು ಬಿಟ್ಟು ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತಂದೆ. ಆಲೆಮನೆ ಕೊಪ್ಪರಿಗೆಯಲ್ಲಿ ನೀರು ಆರಿದಷ್ಟೂ ಸಿಹಿ ಗಟ್ಟಿಯಾಗುವಂತೆ ತೊಟ್ಟಿಯಲ್ಲೂ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಆದ್ದರಿಂದ ಆರಿದ್ದಕ್ಕೆ ಸಪ್ಪೆ ನೀರನ್ನೇ ತುಂಬಬೇಕು. ತೊಟ್ಟಿ ಚಿಕ್ಕದಾದಷ್ಟೂ ಈ ಏರುಪೇರು ಬೇಗ.

ತಿಪ್ಪೆ ಗೊಬ್ಬರವಾಗಲು ಕಾಲ ಬೇಕಲ್ಲ, ಹಾಗೇ ಮೀನಿನ ಹೊಲಸಿನಿಂದ ಬರುವ ಅಮೋನಿಯಾ ವಿಷವನ್ನು ಕರಗಿಸುವ ಸೂಕ್ಷ್ಮಜೀವಿಗಳು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲೀತನಕ ಮೀನಿಲ್ಲದೆ, ಚಿಟಿಕೆ ಆಹಾರ ಮಾತ್ರ ಹಾಕುತ್ತಾ ಪಂಪು ಓಡಿಸಬೇಕು. “ಏನಣ್ಣ, ನೀರು ಸಾಕ್ತಿದೀಯಾ?” ಎಂದು ಪಕ್ಕದಂಗಡಿಯವರು ದಿನಾ ಕೆಣಕಿದರು. ಪರೀಕ್ಷೆಯ ದ್ರಾವಣದಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆಯೇ ಬಸ್ಸು ಹತ್ತಿದ್ದು. ಕರೆಂಟು ನಮ್ಮ ಮಾತು ಕೇಳುವುದಿಲ್ಲವಾದ್ದರಿಂದ ಬ್ಯಾಟರಿಯ ಗಾಳಿಪಂಪು ಒಂದನ್ನು ಇಟ್ಟಿದ್ದೇನೆ. ಕಪ್ಪು ರೌಡಿ? ಅಂಗಡಿಗೇ ವಾಪಸ್. ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಬಸ್ಸಿನಲ್ಲಿ ಮೀನು ತರುವವರಿಗೆ ಕೊನೆಯದಾಗಿ: ಥರ್ಮಾಕೋಲ್ ಡಬ್ಬದಲ್ಲಿ ಇಡಿ, ಎಂಜಿನ್ ಪಕ್ಕ ಬೇಡ, ಬಿಸಿಲು ಬೀಳುವ ಕಿಟಕಿಯೂ ಬೇಡ. ಮನೆಗೆ ಬಂದು ಚೀಲವನ್ನು ಹಾಗೇ ತೊಟ್ಟಿಯಲ್ಲಿ ಕಾಲು ಗಂಟೆ ತೇಲಿಬಿಟ್ಟು, ಆಮೇಲೆ ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಚೀಲಕ್ಕೆ ಬೆರೆಸಿ, ಮೀನನ್ನಷ್ಟೇ ಜಾಲಿಯಲ್ಲಿ ಎತ್ತಿ ಬಿಡಿ. ಚೀಲದ ನೀರು ಚರಂಡಿಗೆ.