1784: ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ
ಮಂಗಳೂರಿನ ಉರ್ವದ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಹಿರಿಯರನ್ನು ಕೇಳಿ ನೋಡಿ, 1784ರ ಸುದ್ದಿ ಬಂದೇ ಬರುತ್ತದೆ. ಇಂಗ್ಲಿಷರಿಗೆ ನೆರವಾದರೆಂಬ ಆರೋಪ ಹೊರಿಸಿ ಟಿಪ್ಪು ಸುಲ್ತಾನ್ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿಸಿದ. ಕೂಸು, ಮುದುಕರೆನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಆಸ್ತಿ ಮುಟ್ಟುಗೋಲಾಯಿತು, ಮಿಲಾಗ್ರಿಸ್ ಚರ್ಚ್ ನೆಲಸಮವಾಯಿತು. ದಾರಿಯಲ್ಲೇ ಎಷ್ಟೋ ಜನ ಸತ್ತರು. ಬದುಕುಳಿದ ಹೆಚ್ಚಿನವರು ಊರಿಗೆ ಮರಳಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ.

ಹೀಗೆ ಬಲಪ್ರಯೋಗದಿಂದ, ಬೆದರಿಕೆಯಿಂದ ಒಂದು ಸಮುದಾಯವನ್ನು ಅದರ ನೆಲದಿಂದ ಕಿತ್ತುಹಾಕುವುದೇ ಜನಾಂಗೀಯ ಶುದ್ಧೀಕರಣ. ನರಮೇಧವೆನ್ನಲು 1948ರ ವಿಶ್ವಸಂಸ್ಥೆಯ ಒಪ್ಪಂದ ಕೇಳುವುದೇ ಬೇರೆ: ಆ ಸಮುದಾಯವನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶ ಸಾಬೀತಾಗಬೇಕು. ಜನಾಂಗೀಯ ಶುದ್ಧೀಕರಣ ಅಂತರರಾಷ್ಟ್ರೀಯ ಕಾನೂನಿನಲ್ಲಿ ಪ್ರತ್ಯೇಕ ಅಪರಾಧವಲ್ಲ. ಆದರೆ ಬಲವಂತದ ಸ್ಥಳಾಂತರ ಇಂದು ಮಾನವೀಯತೆಯ ವಿರುದ್ಧದ ಅಪರಾಧವೇ. 1784ರ ಸೆರೆಯನ್ನು ನಾನು ಜನಾಂಗೀಯ ಶುದ್ಧೀಕರಣವೆಂದೇ ಕರೆಯುತ್ತೇನೆ.