ಮಣಿ ಕದ್ದವರು ಯಾರು?

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮರ್ಕಂಜ, ಸುಳ್ಯದ ಕಡೆ ಮಳೆಗಾಲಕ್ಕೆ ಉಳಿಯುವುದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದರೆ ಅರ್ಥಧಾರಿಗಳು ಕುಳಿತಲ್ಲೇ ಕೃಷ್ಣನೋ ಕೌರವನೋ ಆಗಿ, ಆ ಕ್ಷಣಕ್ಕೆ ಹೊಳೆದ ಮಾತು ಆಡುತ್ತಾರೆ. ಇದನ್ನು ಕೇಳಿ ಬೆಳೆದವರಿಗೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ತೀರಾ ಹೊಸತೆನಿಸಲಾರದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಇದರ ಮೂಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಪಾತ್ರವಾಗಿ ಮಾತಾಡುತ್ತಾರೆ, ಒಬ್ಬರು ಆಟ ನಡೆಸುತ್ತಾರೆ, ಕೈಹಾಕಿದ ಕೆಲಸ ಆಯಿತೋ ಇಲ್ಲವೋ ದಾಳ ಹೇಳುತ್ತದೆ. ತಾಳಮದ್ದಳೆಯ ಕಥೆ ಸಭೆಗೆಲ್ಲ ಗೊತ್ತು. ಇಲ್ಲಿ ಅದು ಗೊತ್ತಿರುವುದು ನಡೆಸುವವರಿಗೆ ಮಾತ್ರ.

1981ರಲ್ಲಿ ಸ್ಯಾಂಡಿ ಪೀಟರ್ಸನ್ ರೂಪಿಸಿದ ‘ಕಾಲ್ ಆಫ್ ಕಥುಲು’ ಕತ್ತಿವರಸೆ ಬಿಟ್ಟು ತನಿಖೆಯನ್ನು ಮುಂದೆ ತಂದಿತು. ತೊಡಕು ಶುರುವಾದದ್ದೂ ಅಲ್ಲೇ.

ನಮ್ಮ ‘ಜಾಂಬವತಿ ಕಲ್ಯಾಣ’ ಪ್ರಸಂಗವನ್ನೇ ಹೀಗೆ ಆಡಿಸೋಣ. ಸತ್ರಾಜಿತನ ಶ್ಯಮಂತಕ ಮಣಿ ತೊಟ್ಟು ಬೇಟೆಗೆ ಹೋದ ಅವನ ಸಹೋದರ ಪ್ರಸೇನ ಮರಳಲಿಲ್ಲ. ಅಪವಾದ ಕೃಷ್ಣನ ತಲೆಗೆ ಬಂತು. ಕಾಡಿನಲ್ಲಿ ಪ್ರಸೇನನ ಹೆಣ, ಅಲ್ಲಿಂದ ಸಿಂಹದ ಹೆಜ್ಜೆ, ಮುಂದೆ ಸಿಂಹದ ಹೆಣ, ಮತ್ತೆ ಕರಡಿಯ ಹೆಜ್ಜೆ, ಕೊನೆಗೆ ಗುಹೆ. ಪುರಾಣಕ್ಕೆ ಈ ಒಂದೇ ಎಳೆ ಸಾಕು, ಆಟಕ್ಕೆ ಸಾಲದು. ಕರಡಿಯ ಹೆಜ್ಜೆ ಗುರುತಿಸಬೇಕಾದಾಗ ದಾಳ ಕೈಕೊಟ್ಟರೆ ಇಡೀ ತನಿಖೆ ಸಿಂಹದ ಹೆಣದ ಪಕ್ಕದಲ್ಲೇ ಕುಳಿತೀತು!

ಹಾಗಾಗಿ ಪ್ರತಿ ತೀರ್ಮಾನಕ್ಕೂ ಕನಿಷ್ಠ 3 ಸುಳಿವು ಇಡಿ ಎನ್ನುತ್ತಾರೆ ಆಟ ವಿನ್ಯಾಸಕ ಜಸ್ಟಿನ್ ಅಲೆಕ್ಸಾಂಡರ್. ಹೆಜ್ಜೆ ತಪ್ಪಿದರೆ ಸಿಂಹದ ಉಗುರಿಗೆ ಸಿಕ್ಕ ಕರಿಕೂದಲು. ಅದೂ ತಪ್ಪಿದರೆ ಗರ್ಜನೆ ಕೇಳಿ ಮರ ಹತ್ತಿದ ಜೇನು ಕೀಳುವವನ ಮಾತು. ರಾಬಿನ್ ಲಾಸ್ ಅವರ ‘ಗಮ್‌ಶೂ’ ಪದ್ಧತಿ ಇನ್ನೂ ಮುಂದೆ ಹೋಗುತ್ತದೆ: ಬಲ್ಲ ಪಾತ್ರ ಸರಿಯಾದ ಜಾಗದಲ್ಲಿ ಹುಡುಕಿತೆಂದರೆ ಮುಖ್ಯ ಸುಳಿವು ಸಿಕ್ಕೇ ಸಿಗಬೇಕು, ದಾಳದ ಗೊಡವೆಯೇ ಬೇಡ. ನನಗೆ ಇದೇ ಸರಿಯೆನಿಸುತ್ತದೆ. ರುಚಿ ಇರುವುದು ಸುಳಿವು ಸಿಗುವುದರಲ್ಲಲ್ಲ, ಸಿಕ್ಕಿದ್ದಕ್ಕೆ ಅರ್ಥ ಕಟ್ಟುವ ವಾದದಲ್ಲಿ. ಅದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ನಡೆಸುವವರಿಗೆ ಮಾತ್ರ ಭಾಗವತರ ತಾಳ್ಮೆ ಬೇಕು. ‘ಮಣಿಯನ್ನು ಸತ್ರಾಜಿತನೇ ಬಚ್ಚಿಟ್ಟು ಗುಲ್ಲೆಬ್ಬಿಸಿರಬಾರದೇಕೆ?’ ಎಂದು ಒಬ್ಬ ಪಟ್ಟು ಹಿಡಿದರೆ ತಡೆಯಬಾರದು. ಅವನ ಮನೆ ಜಾಲಾಡಲಿ. ಮಣಿಯಂತೂ ಸಿಗದು, ಆದರೆ ಪ್ರಸೇನನ ಕುದುರೆ ಯಾವ ದಾರಿ ಹಿಡಿಯಿತೆಂದು ಲಾಯದ ಆಳು ಹೇಳಿಯಾನು.